ಪತ್ತಾಯದ ಕೋಣೆಯಲ್ಲಿ ಮಾಡಿದ ಪ್ಲೇಟುಗಳು

ಹಗಲು ಹೊತ್ತಿನಲ್ಲಿ ಗಂಡ ಹೆಂಡತಿ ಒಂದು ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿಕೊಂಡರೆ ನಮ್ಮ ಕಡೆ ಊರಿಗೆಲ್ಲ ಹಂಚುವಷ್ಟು ಮಾತು ಹುಟ್ಟುತ್ತಿತ್ತು. ನಾವು ಹಾಕಿಕೊಳ್ಳುತ್ತಿದ್ದೆವು. ಅತ್ತೆಯ ಎದುರಿಗೇ, ಅಂಗಳದಲ್ಲಿ ಕಾಳುಮೆಣಸು ಒಣಗಿಸುವ ಹೆಂಗಸರ ಎದುರಿಗೇ, ನಮ್ಮವರು ಮುಂದೆ, ಬಿಸಿನೀರಿನ ತಪ್ಪಲೆ ಹಿಡಿದು ನಾನು ಹಿಂದೆ. ಹೆಂಗಸರು ಕಿಸಕ್ಕನೆ ನಗುವುದು ಬಾಗಿಲ ಹಿಂದಕ್ಕೂ ಕೇಳಿಸುತ್ತಿತ್ತು. ನಗಲಿ ಬಿಡಿ, ನನಗೇನು! ಒಳಗೆ ನಾವು ಫೋಟೋ ತೆಗೆಯುವ ಗಾಜಿನ ಪ್ಲೇಟು ಮಾಡುತ್ತಿದ್ದೆವು. ಆ ಪ್ಲೇಟಿಗೆ ಬೆಳಕು ತಾಗಬಾರದು, ಆದ್ದರಿಂದ ಬಾಗಿಲು ಹಾಕಲೇಬೇಕು. ಇಷ್ಟು ಒಳ್ಳೆಯ ನೆಪ ಸಿಕ್ಕಿದ ಸೊಸೆ ಆ ಕಾಲದಲ್ಲಿ ಇಡೀ ವಯನಾಡಿನಲ್ಲಿ ಇನ್ನೊಬ್ಬಳು ಇದ್ದಿರಲಾರಳು.

ನಮ್ಮ ಮನೆ ಇದ್ದದ್ದು ಮರಕ್ಕಡವಿನ ಹತ್ತಿರ, ಕಬಿನಿ ಹೊಳೆಯ ಈಚೆ ದಡದಲ್ಲಿ. ಆಚೆ ದಡ ಮೈಸೂರು ಸೀಮೆ. ನಾನು ಹುಟ್ಟಿದ್ದು ಆಚೆ, ಬಾಳಿದ್ದು ಈಚೆ. ನಮ್ಮವರ ಹಿರಿಯರೂ ಎಷ್ಟೋ ತಲೆಮಾರಿನ ಹಿಂದೆ ಆಚೆಯಿಂದಲೇ ಬಂದು ಇಲ್ಲಿ ಗದ್ದೆ ಮಾಡಿದವರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಕಛೇರಿಯಲ್ಲಿ ಮಲಯಾಳ, ಜಗಳ ಬಂದರೆ ಎರಡೂ. ನಮ್ಮವರು ಮೈಸೂರಿನಲ್ಲಿ ನೆಂಟರ ಮನೆಯಲ್ಲಿದ್ದು ಓದಿದವರು. ಓದಿದ್ದಕ್ಕಿಂತ ಹೆಚ್ಚು ಹೊತ್ತು ಒಂದು ಫೋಟೋ ಸ್ಟುಡಿಯೋದಲ್ಲಿ ಕೂತು ಬಂದವರು. ಊರಿಗೆ ಮರಳುವಾಗ ಪುಸ್ತಕದ ಬದಲು ಒಂದು ಹಳೆಯ ಕ್ಯಾಮೆರಾ ಹೊತ್ತುಕೊಂಡು ಬಂದರು. ಮರದ ಡಬ್ಬಿ, ಮುಂದೆ ಹಾರ್ಮೋನಿಯಮ್ಮಿನ ಹಾಗೆ ಮಡಿಚುವ ತೊಗಲು, ಕೆಳಗೆ ಮೂರು ಕಾಲು. ಗಾಜಿನ ಪ್ಲೇಟು ಬಿಟ್ಟು ಬೇರೆ ಯಾವುದೂ ಅದಕ್ಕೆ ಆಗದು. ಅಷ್ಟು ಹೊತ್ತಿಗೆ ಎಲ್ಲ ಕಡೆ ಸುರುಳಿ ಫಿಲಂ ಬಂದು, ಅಂಗಡಿಗಳಿಗೆ ಪ್ಲೇಟು ಬರುವುದೇ ನಿಂತಿತ್ತು. ಬೇರೆ ಯಾರಾದರೂ ಆಗಿದ್ದರೆ ಆ ಡಬ್ಬಿಯನ್ನು ಅಟ್ಟಕ್ಕೆ ಹಾಕಿ ಸುಮ್ಮನಾಗುತ್ತಿದ್ದರು. ಇವರು ಪ್ಲೇಟನ್ನು ಮನೆಯಲ್ಲೇ ಮಾಡಿಕೊಳ್ಳುತ್ತೇನೆಂದು ಹಟ ಹಿಡಿದರು. ಹಟದಲ್ಲಿ ಅವರನ್ನು ಮೀರಿಸುವವಳು ನಾನೊಬ್ಬಳೇ ಇದ್ದೆ, ಅದಕ್ಕೇ ನಮ್ಮ ಜೋಡಿ ಸರಿಹೋಯಿತು.

ಪ್ಲೇಟು ಮಾಡುತ್ತಾರಂತೆ ಎಂದು ಕೇಳಿದಾಗ ಅತ್ತೆ ಊಟದ ತಟ್ಟೆ ಎಂದುಕೊಂಡಿದ್ದರು. ಹಿತ್ತಿಲ ತುಂಬ ಬಾಳೆ ಇರುವಾಗ ಈ ಹುಚ್ಚೇಕೆ ಎಂದು ಗೊಣಗಿದರು. ಇಡೀ ಮನೆಯಲ್ಲಿ ಕಿಟಕಿಯಿಲ್ಲದ ಕೋಣೆ ಒಂದೇ, ಅದು ಪತ್ತಾಯದ ಕೋಣೆ. ಪತ್ತಾಯ ಎಂದರೆ ಭತ್ತ ತುಂಬಿಡುವ ದೊಡ್ಡ ಮರದ ಪೆಟ್ಟಿಗೆ, ಆಳೆತ್ತರದ್ದು. ಅದರ ಪಕ್ಕದ ಮೂಲೆಯಲ್ಲಿ ತೀರಿಹೋದ ಹಿರಿಯರಿಗೆ ದೀಪ ಇಡುವ ಜಾಗ. ಪ್ಲೇಟಿನ ಮೇಲೆ ಬಳಿಯುವ ಜೆಲಟಿನ್ ಎಂಬ ಅಂಟು ಯಾವುದರಿಂದ ಆಗುತ್ತದೆ ಎಂದು ಅತ್ತೆ ಒಂದು ದಿನ ಕೇಳಿದರು. ನಮ್ಮವರಿಗೆ ಸುಳ್ಳು ಹೇಳಲು ಬರುವುದಿಲ್ಲ, ಎಲುಬಿನಿಂದ ಎಂದುಬಿಟ್ಟರು. ಅತ್ತೆ ಮೀನು ಕೋಳಿ ಎಲ್ಲ ತಿನ್ನುವವರೇ. ಆದರೂ ಹಿರಿಯರ ದೀಪದ ಮುಂದೆ ಎಲುಬಿನ ಅಂಟು ಕಾಯಿಸುವುದೆಂದರೆ ಅವರಿಗೆ ತಡೆದುಕೊಳ್ಳಲಾಗಲಿಲ್ಲ. ಕೆಲವು ದಿನ ಮಗನ ಜೊತೆ ಮಾತು ಬಿಟ್ಟರು. ಆಮೇಲೆ ತಾವೇ ಬಂದು ದೀಪದ ಮೂಲೆಗೆ ಒಂದು ಚಾಪೆ ಅಡ್ಡ ಕಟ್ಟಿ, ಹಿರಿಯರಿಗೆ ಕಾಣದಿದ್ದರೆ ಸಾಕು, ವಾಸನೆ ಬಂದರೆ ಏನೋ ಅಡುಗೆ ಎಂದುಕೊಳ್ಳುತ್ತಾರೆ ಎಂದು ಇತ್ಯರ್ಥ ಮಾಡಿದರು.

ಕೆಲಸ ಶುರುವಾಗುವುದು ಗಾಜು ತೊಳೆಯುವುದರಿಂದ. ಒಡೆದ ಕಿಟಕಿಯ ಗಾಜು, ಹಳೆಯ ದೇವರ ಪಟದ ಗಾಜು, ಏನು ಸಿಕ್ಕಿದರೂ ಸುಲ್ತಾನ್ ಬತ್ತೇರಿಗೆ ಒಯ್ದು ಅಳತೆಗೆ ಕೊಯ್ಯಿಸಿ ತರುತ್ತಿದ್ದರು. ಅದನ್ನು ಬೂದಿ ಹಾಕಿ ತಿಕ್ಕಿ, ಸೋಡಾ ನೀರಿನಲ್ಲಿ ಕುದಿಸಿ, ಮೇಲೆ ಕೋಳಿಮೊಟ್ಟೆಯ ಬಿಳಿಯನ್ನು ತೆಳ್ಳಗೆ ಸವರಿ ಒಣಗಿಸಬೇಕು. ಇಲ್ಲದಿದ್ದರೆ ಅಂಟು ಹಿಡಿಯದೆ ಸಿಪ್ಪೆಯ ಹಾಗೆ ಏಳುತ್ತದೆ. ಜೆಲಟಿನ್ನನ್ನು ನೀರಿನಲ್ಲಿ ನೆನೆಹಾಕಿ, ಬ್ರೋಮೈಡ್ ಪುಡಿ ಸೇರಿಸಿ, ಬಿಸಿನೀರಿನ ಮೇಲಿಟ್ಟು ಕರಗಿಸುವವರೆಗೆ ಬೆಳಕಿದ್ದರೂ ಅಡ್ಡಿಯಿಲ್ಲ. ಮೈಸೂರಿನಿಂದ ಬಸ್ಸಿನಲ್ಲಿ ತಂದ ಬೆಳ್ಳಿ ಉಪ್ಪನ್ನು ನೀರಿನಲ್ಲಿ ಕರಗಿಸಿ ಅದಕ್ಕೆ ಹನಿಹನಿಯಾಗಿ ಬೆರೆಸತೊಡಗಿದ ಮೇಲೆ ಬೆಳಕು ಬೇಡ. ಆಗ ಬಾಗಿಲಿನ ಸಂದಿಗೆಲ್ಲ ಗೋಣಿ ತುರುಕಿ, ಕೆಂಪು ಬಟ್ಟೆ ಸುತ್ತಿದ ಲಾಟೀನೊಂದನ್ನೇ ನಂಬಬೇಕು. ಆ ಬಟ್ಟೆ ನನ್ನ ಮದುವೆಗೆ ಬಂದಿದ್ದ ರವಿಕೆ ಕಣ. ಹೊಲಿಸಿಕೊಳ್ಳುವ ಮೊದಲೇ ಲಾಟೀನಿಗೆ ಹೋಯಿತು.

ಬೆಳ್ಳಿ ಉಪ್ಪು ಬೀಳುತ್ತಿದ್ದ ಹಾಗೆ ಪಾತ್ರೆಯಲ್ಲಿದ್ದದ್ದು ಹಾಲಿನ ಹಾಗಾಗುತ್ತದೆ. ನಾವು ಅದನ್ನು ಹಾಲೆಂದೇ ಕರೆಯುತ್ತಿದ್ದೆವು. ತಣ್ಣಗಾದ ಮೇಲೆ ಗಟ್ಟಿಯಾಗುತ್ತದೆ. ಆ ಗಟ್ಟಿಯನ್ನು ನೂಲ್ಪುಟ್ಟು, ಅಂದರೆ ಒತ್ತುಶಾವಿಗೆ, ಒತ್ತುವ ಮರದ ಒರಳಿಗೆ ಹಾಕಿ ಎಳೆಎಳೆಯಾಗಿ ಒತ್ತಿ, ಬಾವಿಯ ತಣ್ಣೀರಿನಲ್ಲಿ ಮತ್ತೆ ಮತ್ತೆ ತೊಳೆಯಬೇಕು. ನಮ್ಮ ಮನೆಯಲ್ಲಿ ಆಮೇಲೆ ನೂಲ್ಪುಟ್ಟು ತಿಂದವರಿಲ್ಲ. ಆ ಒರಳನ್ನು ಅಡುಗೆಮನೆಗೆ ತಂದರೆ ಅತ್ತೆ ನನ್ನನ್ನೂ ಒರಳನ್ನೂ ಸೇರಿಸಿ ಹೊಳೆಗೆ ಹಾಕುತ್ತಿದ್ದರು.

ಕೊನೆಯ ಕೆಲಸ ಹೊಯ್ಯುವುದು. ತೊಳೆದ ಎಳೆಗಳನ್ನು ಮತ್ತೆ ಕರಗಿಸಿ, ಗಾಜನ್ನು ಎಡಗೈಯ ಬೆರಳ ತುದಿಯಲ್ಲಿ ನಿಲ್ಲಿಸಿ, ನಡುವೆ ಒಂದಿಷ್ಟು ಹಾಲು ಹೊಯ್ದು, ನಾಲ್ಕೂ ಮೂಲೆಗೆ ಓಡಿಸಿ, ಉಳಿದದ್ದನ್ನು ಕೊನೆಯ ಮೂಲೆಯಿಂದ ಪಾತ್ರೆಗೆ ಬಸಿಯಬೇಕು. ಅದನ್ನು ಸಪಾಟಾದ ಕಲ್ಲಿನ ಮೇಲೆ ಇಟ್ಟರೆ ನಮ್ಮ ಧನು ತಿಂಗಳ ಚಳಿಗೆ ಹೆಪ್ಪುಗಟ್ಟುತ್ತದೆ. ಆಮೇಲೆ ಪತ್ತಾಯದೊಳಗೆ ಭತ್ತದ ಮೇಲೆ ಬಟ್ಟೆ ಹಾಸಿ ಸಾಲಾಗಿ ನಿಲ್ಲಿಸಿ ಮುಚ್ಚಳ ಹಾಕಿಬಿಡುವುದು. ಒಣ ಭತ್ತ ತೇವವನ್ನೆಲ್ಲ ಕುಡಿಯುತ್ತದೆ. ನಮ್ಮವರ ಕೈ ಅವಸರದ ಕೈ, ಹೊಯ್ದರೆ ಅರ್ಧ ನೆಲಕ್ಕೆ. ಹೊಯ್ಯುವುದು ನನ್ನ ಪಾಲಿಗೆ ಬಂತು. ಅವರು ಮುಂದೆ ನಿಂತು ಹೊಯ್ದ ಗಾಜನ್ನು ನನ್ನ ಕೈಯಿಂದ ತೆಗೆದುಕೊಳ್ಳುವರು. ತೆಗೆದುಕೊಳ್ಳುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಬೇಕೆಂದೇ ತಾಗಿಸುತ್ತಿದ್ದರು, ನಾನೂ ಬೇಕೆಂದೇ ತಡಮಾಡುತ್ತಿದ್ದೆ.

ಆ ಕೋಣೆಯಲ್ಲಿ ಅವರು ಬೇರೆಯೇ ಮನುಷ್ಯ. ಹೊರಗೆ ಅಮ್ಮನ ಮಗ, ಆಳುಗಳ ಯಜಮಾನ. ನಾಲ್ಕು ಜನರ ಎದುರು ನನ್ನ ಕಡೆ ಕಣ್ಣೆತ್ತಿಯೂ ನೋಡರು. ಚಿಲಕ ಬಿದ್ದದ್ದೇ ತಡ ಮಾತು ಶುರು. ಮೈಸೂರಿನ ಸ್ಟುಡಿಯೋದಲ್ಲಿ ಕೋಟು ಬಾಡಿಗೆಗೆ ಕೊಡುತ್ತಿದ್ದದ್ದು, ಹುಡುಗನಾಗಿದ್ದಾಗ ಅಪ್ಪನ ಸಾವಿಗೆ ಅಳು ಬರದೆ ಹೆದರಿದ್ದು, ಮಕ್ಕಳಾಗದಿದ್ದರೆ ಏನೀಗ, ನಾವಿಬ್ಬರೇ ಸಾಕಲ್ಲವೇ ಎಂದದ್ದು, ಎಲ್ಲ ಅಲ್ಲೇ. ಕೆಂಪು ಬೆಳಕಿನಲ್ಲಿ ಮುಖ ಪೂರ್ತಿ ಕಾಣುವುದಿಲ್ಲವಲ್ಲ, ಅದಕ್ಕೇ ಇರಬೇಕು. ನಾನು ಆ ದನಿಯನ್ನು ಮದುವೆಯಾಗಿದ್ದೆ. ಹೊರಗಿನ ಯಜಮಾನರನ್ನು ಸುಧಾರಿಸಿಕೊಂಡು ಹೋಗುತ್ತಿದ್ದೆ, ಅಷ್ಟೆ.

ನಮ್ಮ ಪ್ಲೇಟಿಗೆ ಒಂದು ದೋಷವಿತ್ತು. ಅದಕ್ಕೆ ಕೆಂಪು ಕಾಣದು, ಹಳದಿ ಕಾಣದು. ಎರಡೂ ಅದರ ಲೆಕ್ಕದಲ್ಲಿ ಕಪ್ಪೇ. ನೀಲಿ ಮಾತ್ರ ಬೆಳ್ಳಗೆ ಬರುತ್ತದೆ. ಇದು ಗೊತ್ತಿಲ್ಲದೆ ಜನ ಫೋಟೋಗೆಂದು ಮುಖಕ್ಕೆ ಚೆನ್ನಾಗಿ ಅರಿಸಿನ ಬಳಿದುಕೊಂಡು ಬರುತ್ತಿದ್ದರು. ತೃಶ್ಶಿಲೇರಿಯ ಕಡೆಯಿಂದ ಬಂದಿದ್ದ ಒಬ್ಬ ಮದುಮಗಳ ಫೋಟೋ ನೋಡಿ ಅವಳ ತಾಯಿ, ಗಂಡಿನ ಕಡೆಯವರು ಇದನ್ನು ನೋಡಿದರೆ ಮದುವೆ ಮುರಿದುಬೀಳುತ್ತದೆ ಎಂದು ಗೋಳೋ ಎಂದು ಅತ್ತಳು. ಆಮೇಲೆ ನಮ್ಮವರು ಒಂದು ಉಪಾಯ ಹೂಡಿದರು. ಬಂದವರಿಗೆ ಸೀಗೆಪುಡಿ ಕೊಟ್ಟು ಮುಖ ತೊಳೆಸಿ, ಪಂಚೆಗೆ ಹಾಕುವ ನೀಲಿಯನ್ನು ನೀರಿನಲ್ಲಿ ಕಲಸಿ ಮುಖಕ್ಕೆ ಒಂದಿಷ್ಟು ಸವರುತ್ತಿದ್ದರು. ಹೆಂಗಸರಿಗೆ ಸವರುವ ಕೆಲಸ ನನ್ನದು. ಕೂತವರನ್ನು ನೋಡಿದರೆ ನಾಟಕದ ಕೃಷ್ಣನ ವೇಷ, ನಗು ತಡೆದುಕೊಳ್ಳುವುದೇ ಕಷ್ಟ. ಫೋಟೋದಲ್ಲಿ ಮಾತ್ರ ಎಲ್ಲರೂ ತಿಂಗಳ ಬೆಳಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಜ್ಜ ಅಜ್ಜಿಯರ ಬೆಳ್ಳನೆಯ ಫೋಟೋ ಇದ್ದರೆ, ಅದು ನಾನು ಸವರಿದ ನೀಲಿ ಎಂದು ತಿಳಿಯಿರಿ.

ಅವು ಭೂಮಿಯ ಗಲಾಟೆಯ ವರ್ಷಗಳು. ನಕ್ಸಲರು ಕಾಡು ಸೇರಿದ್ದಾರೆ, ದೊಡ್ಡ ಜಮೀನುದಾರರ ಪತ್ತಾಯ ಒಡೆದು ಭತ್ತ ಹಂಚುತ್ತಾರೆ ಎಂಬ ಸುದ್ದಿ ದಿನಾ ಬರುತ್ತಿತ್ತು. ರಸ್ತೆಯಲ್ಲಿ ಪೊಲೀಸ್ ಜೀಪು, ಬಸ್ಸಿನಲ್ಲಿ ತಪಾಸಣೆ. ಕಾಡಂಚಿನಲ್ಲಿ ಆದಿವಾಸಿಗಳ ಒಂದು ಹಾಡಿಯಿತ್ತು. ಅಲ್ಲಿಯವರು ತಲೆತಲಾಂತರದಿಂದ ಇದೇ ಕಾಡಿನ ಮಕ್ಕಳು. ಕೂಲಿ ಬೇರೆಯವರ ಗದ್ದೆಯಲ್ಲಿ, ತಮ್ಮದೆಂದು ಒಂದು ಅಂಗೈಯಗಲ ನೆಲವಿಲ್ಲ. ಅವರು ಕಾಡಿನ ಪಕ್ಕದ ಒಂದು ಬೋರೆಗುಡ್ಡದ ಪೊದೆ ಕಡಿದು ರಾಗಿ ಬಿತ್ತಿದ್ದರು. ಆ ಜಾಗ ನನ್ನದು ಎಂದು ಒಬ್ಬ ಜಮೀನುದಾರ ಎದ್ದು ನಿಂತ. ಹಾಡಿಯ ಹಿರಿಯ ನಮ್ಮ ಜಗಲಿಗೆ ಬಂದು, ನಾವು ಬೆಳೆಯ ನಡುವೆ ನಿಂತಿರುವ ಒಂದು ಪಟ ತೆಗೆದುಕೊಡಿ, ಯಾರಾದರೂ ಕೇಳಿದರೆ ತೋರಿಸಲು ಬೇಕು ಎಂದು ಕೇಳಿದ. ನಮ್ಮವರು ಕ್ಯಾಮೆರಾ ಹೊತ್ತು ಹೋಗಿ ತೆಗೆದರು. ಹೆಂಗಸರು, ಮಕ್ಕಳು, ಮುದುಕರು, ಎಲ್ಲ ರಾಗಿಯ ತೆನೆಯ ನಡುವೆ ಉಸಿರು ಬಿಗಿಹಿಡಿದು ನಿಂತರು. ನೀಲಿ ಬೇಡ, ಇದ್ದ ಹಾಗೇ ಇರಲಿ ಎಂದು ಅವರೇ ಹೇಳಿದರಂತೆ. ಆ ಫೋಟೋ ಕೈಯಿಂದ ಕೈಗೆ ಹೋಯಿತು. ಹೋಗಬಾರದವರ ಕೈಗೂ ಹೋಯಿತು.

ಪೊಲೀಸರು ಬಂದದ್ದು ಒಂದು ಮಧ್ಯಾಹ್ನ. ಒಳಗೆ ನಾನು ಹೊಯ್ಯುತ್ತಿದ್ದೆ. ಕಲ್ಲಿನ ಮೇಲೆ ಹಸಿ ಪ್ಲೇಟುಗಳಿದ್ದವು. ಹೊರಗೆ ಬೂಟಿನ ಸದ್ದು, ಅತ್ತೆಯ ಕೂಗು, ಬಾಗಿಲು ತೆಗೆಯಲು ಮಲಯಾಳದಲ್ಲಿ ಗದರಿಕೆ. ನಮ್ಮವರು ಒಳಗಿನಿಂದ ತಣ್ಣಗೆ, ಸ್ವಲ್ಪ ನಿಲ್ಲಿ ಸಾರ್, ಬೆಳಕು ಬಿದ್ದರೆ ಹಾಳಾಗುತ್ತದೆ, ಮುಚ್ಚಿಟ್ಟು ಬರುತ್ತೇನೆ ಎಂದರು. ಕತ್ತಲ ಕೋಣೆಯಲ್ಲಿ ಕೂತು, ಏನನ್ನೋ ಮುಚ್ಚಿಡುತ್ತೇನೆ ಎಂದರೆ ಪೊಲೀಸರು ಏನೆಂದುಕೊಳ್ಳಬೇಕು ಹೇಳಿ! ಆ ಮನುಷ್ಯನಿಗೆ ಅದು ಹೊಳೆಯಲೇ ಇಲ್ಲ. ಬಾಗಿಲು ಚಿಲಕದ ಸಮೇತ ಒಳಗೆ ಬಿತ್ತು. ಹಾಲಿನ ಬಣ್ಣದ ಪ್ಲೇಟುಗಳು ನೋಡುನೋಡುತ್ತಿದ್ದಂತೆ ಬೂದಿಬಣ್ಣಕ್ಕೆ ತಿರುಗಿದವು. ನಮ್ಮವರು ಪೊಲೀಸರ ಕಡೆ ನೋಡದೆ ಅವುಗಳ ಕಡೆಯೇ ನೋಡುತ್ತಿದ್ದರು.

ಪೊಲೀಸರಿಗೆ ಸಿಕ್ಕಿದ್ದೇನು? ಕಿಟಕಿಯಿಲ್ಲದ ಕೋಣೆ, ಮೂಗಿಗೆ ಅಡರುವ ವಾಸನೆ, ಸೀಸೆಗಳಲ್ಲಿ ಪುಡಿ, ಕೆಂಪು ಬಟ್ಟೆ, ಕಪ್ಪು ಬೆರಳುಗಳು. ಬೆಳ್ಳಿ ಉಪ್ಪು ತಾಗಿದ ಚರ್ಮ ಬಿಸಿಲಿಗೆ ಬಂದರೆ ಕಪ್ಪಾಗುತ್ತದೆ. ಎಷ್ಟು ತಿಕ್ಕಿದರೂ ಹೋಗದು. ದೊಡ್ಡ ಸಾಹೇಬ ನಮ್ಮವರ ಕೈಯನ್ನು ತಿರುವಿ ಮುರುವಿ ನೋಡಿ, ಬಾಂಬಿನ ಮದ್ದು ಎಂದು ತೀರ್ಮಾನ ಮಾಡಿಬಿಟ್ಟ. ಕೆಂಪು ಬಟ್ಟೆಯನ್ನು ಬಾವುಟ ಎಂದ. ಅದು ನನ್ನ ರವಿಕೆ ಕಣ ಎಂದು ನಾನು ಕಿರುಚಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಮ್ಮವರು ಈ ಕೆಲಸವೆಲ್ಲ ತನ್ನೊಬ್ಬನದೇ, ಹೆಂಡತಿ ಬಿಸಿನೀರು ಕೊಡಲು ಬಂದವಳು ಎಂದು ಹೇಳುತ್ತಿದ್ದರು. ಸುಳ್ಳು ಹೇಳಲು ಬಾರದವರು ಅವತ್ತು ಸರಾಗವಾಗಿ ಹೇಳಿದರು. ನನಗೆ ತಲೆ ಕೆಟ್ಟುಹೋಯಿತು. ಸಾಹೇಬನ ಮುಂದೆ ಹೋಗಿ ಎರಡೂ ಕೈ ಚಾಚಿದೆ.

"ಇದೂ ಅದೇ ಕಪ್ಪು. ನೋಡಿ. ಹೊಯ್ಯೋಳು ನಾನು. ಕರ್ಕೊಂಡ್ ಹೋಗೋದಾದ್ರೆ ನನ್ನೂ ಕರ್ಕೊಂಡ್ ಹೋಗಿ."

ಅವನು ನನ್ನ ಕೈ ನೋಡಿ ನಕ್ಕುಬಿಟ್ಟ.

"ಅದು ವಾಳಕ್ಕರಯಲ್ಲೇ," ಎಂದ.

ಅದು ಬಾಳೆಕಾಯಿಯ ಕರೆಯಲ್ಲವೇ ಎಂದು. ವಯನಾಡಿನಲ್ಲಿ ಬಾಳೆಕಾಯಿ ಹೆಚ್ಚಿ ಬೆರಳು ಕಪ್ಪಾಗದ ಹೆಂಗಸು ಯಾರಿದ್ದಾಳೆ? ಅವನ ತಾಯಿಯ ಕೈಯೂ ಕಪ್ಪೇ ಇದ್ದಿರಬೇಕು, ಹೆಂಡತಿಯ ಕೈಯೂ. ಒಂದೇ ಪಾತ್ರೆಯಲ್ಲಿ ಅದ್ದಿದ ಕೈ, ಗಂಡಿನದು ಬಾಂಬಾಯಿತು, ಹೆಣ್ಣಿನದು ಪಲ್ಯವಾಯಿತು. ಇವತ್ತಿಗೂ ಇದನ್ನು ನೆನೆದರೆ ನನ್ನ ಹೊಟ್ಟೆ ಉರಿಯುತ್ತದೆ. ಅತ್ತೆ ಹಿಂದಿನಿಂದ ಬಂದು ನನ್ನನ್ನು ಸೊಂಟ ಹಿಡಿದು ಎಳೆದುಕೊಂಡರು. ಜೀಪು ನಮ್ಮವರನ್ನು ಕೂರಿಸಿಕೊಂಡು, ಸೀಸೆಗಳನ್ನೂ ರವಿಕೆ ಕಣವನ್ನೂ ಹೇರಿಕೊಂಡು ಹೋಯಿತು. ಹೋಗುವಾಗ ಅವರು ನನ್ನ ಕಡೆ ನೋಡಿದರು. ಅಷ್ಟು ಜನರ ಎದುರು ಅವರು ನನ್ನನ್ನು ಕಣ್ಣು ತುಂಬ ನೋಡಿದ್ದು ಅದೇ ಮೊದಲು.

ಮಳೆಗಾಲ ಪೂರ್ತಿ ಅವರು ಬರಲಿಲ್ಲ. ಎಲ್ಲಿಟ್ಟಿದ್ದಾರೆ ಎಂದು ತಿಳಿಯುವುದಕ್ಕೇ ನಾನೂ ಅತ್ತೆಯೂ ಎಷ್ಟೋ ಬಾಗಿಲು ತಟ್ಟಿದೆವು. ನೋಡಲು ಯಾರೂ ಬಿಡಲಿಲ್ಲ. ಮನೆಯಲ್ಲಿ ಬೆಳ್ಳಿ ಉಪ್ಪು ಒಂದು ಚಿಟಿಕೆಯೂ ಇರಲಿಲ್ಲ, ಪ್ಲೇಟು ಮಾಡುವ ಹಾಗಿಲ್ಲ. ಆದರೂ ಕೋಣೆಗೆ ಹೊಸ ಬಾಗಿಲು ಹಾಕಿಸಿ, ಗಾಜುಗಳನ್ನು ತೊಳೆದು, ಮೊಟ್ಟೆಯ ಬಿಳಿ ಸವರಿ ಸವರಿ ಒಟ್ಟುತ್ತಿದ್ದೆ. ಬಂದ ದಿನವೇ ಶುರುಮಾಡಲು ಎಲ್ಲ ಸಿದ್ಧವಿರಬೇಕೆಂದು ನನ್ನ ಆಸೆ. ಕೈಯ ಕಪ್ಪು ದಿನದಿನಕ್ಕೂ ತೆಳುವಾಗುತ್ತಿತ್ತು. ಅದು ಚರ್ಮದ ಜೊತೆಗೇ ಸವೆದುಹೋಗುವ ಬಣ್ಣ. ಉಗುರಿನ ಅಂಚಿನಲ್ಲಿ ಸ್ವಲ್ಪ ಉಳಿದಿದ್ದಾಗ ನೀರಿಗೆ ಕೈ ಹಾಕಲೂ ಮನಸ್ಸು ಬರುತ್ತಿರಲಿಲ್ಲ. ಅವರ ಕೈಯೂ ಈಗ ಬೆಳ್ಳಗಾಗಿರುತ್ತದೆ ಎಂದು ಅನ್ನಿಸಿ ಅಳು ಬರುತ್ತಿತ್ತು. ಬಾಳೆಕಾಯಿ ಹೆಚ್ಚುವುದನ್ನು ಮಾತ್ರ ಬಿಟ್ಟುಬಿಟ್ಟೆ. ಅತ್ತೆ ತಾವೇ ಹೆಚ್ಚಿಕೊಂಡರು.

ಕೊಯ್ಲಿನ ಹೊತ್ತಿಗೆ ಬಂದರು. ಕೇಸು ನಿಲ್ಲಲಿಲ್ಲವಂತೆ, ಹೋಗು ಎಂದರಂತೆ. ನಡೆದುಕೊಂಡೇ ಅಂಗಳಕ್ಕೆ ಬಂದರು. ಅತ್ತೆ ಮೈ ತಡವಿ ಅತ್ತರು. ನಾನು ಅಳಲಿಲ್ಲ. ಬಿಸಿನೀರು ಕಾಯಿಸಲು ಒಳಗೆ ಓಡಿದೆ. ಬೆನ್ನಿನ ಮೇಲೆ ನೀರು ಹೊಯ್ಯುವಾಗ ಏನೇನು ಕಂಡೆನೋ ಅದನ್ನು ಬರೆಯುವುದಿಲ್ಲ. ಅವತ್ತು ಹಾಸಿಗೆಯನ್ನು ಜಗಲಿಗೆ ತರಲು ಹೇಳಿದರು. ಮೈ ನಡುಗಿಸುವ ಮಂಜು, ಒಳಗೆ ಮಲಗಿ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಆಮೇಲಾಮೇಲೆ ಮನೆಯ ಎಲ್ಲ ಬಾಗಿಲಿಗೂ ಮುಚ್ಚದ ಹಾಗೆ ಒಂದೊಂದು ಕಲ್ಲು ತಂದಿಟ್ಟರು. ಪತ್ತಾಯದ ಕೋಣೆಯ ಮುಂದೆ ಹಾದುಹೋಗುವಾಗ ಗೋಡೆ ಬಿಟ್ಟು ಆಚೆ ಸರಿದು ನಡೆಯುತ್ತಿದ್ದರು. ಒಂದೇ ಒಂದು ಸಲ, ನಾನು ಕೇಳದಿದ್ದರೂ ಹೇಳಿದರು.

"ಅಲ್ಲಿ ಒಂದು ಗೋದಾಮಿತ್ತು. ಕಿಟಕಿ ಇರ್ಲಿಲ್ಲ."

ನಾನು ಆಮೇಲೆ ಕೇಳಲಿಲ್ಲ. ಆದರೆ ಸುಮ್ಮನಿರಲೂ ಆಗಲಿಲ್ಲ. ಅವರು ಉಣ್ಣುತ್ತಿದ್ದರು, ಗದ್ದೆಗೆ ಹೋಗುತ್ತಿದ್ದರು, ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದರು. ಆ ದನಿ ಮಾತ್ರ ಬಂದಿರಲಿಲ್ಲ. ಅದನ್ನು ಆ ಕೋಣೆಯಲ್ಲೇ ಬಿಟ್ಟು ಹೋಗಿದ್ದಾರೆ, ಒಂದು ಸಲ ಒಳಗೆ ಬಂದು ನನ್ನ ಮುಂದೆ ನಿಂತು ಪ್ಲೇಟು ತೆಗೆದುಕೊಂಡರೆ ಎಲ್ಲ ಸರಿಹೋಗುತ್ತದೆ ಎಂದು ನನಗೆ ಅನ್ನಿಸಿಬಿಟ್ಟಿತ್ತು. ಜಗತ್ತಿನಲ್ಲಿ ಬೇರೇನೂ ಬೇಕಿರಲಿಲ್ಲ. ಅದೊಂದು ಆಗಬೇಕಿತ್ತು.

ತವರಿಗೆ ಹೋಗುತ್ತೇನೆಂದು ಹೇಳಿ ಬತ್ತೇರಿಯಿಂದ ಬಸ್ಸು ಹತ್ತಿ ಒಬ್ಬಳೇ ಮೈಸೂರಿಗೆ ಹೋದೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೆಳ್ಳಿ ಉಪ್ಪು ನಿಮಗ್ಯಾಕಮ್ಮ ಎಂದ. ಪಲ್ಯಕ್ಕೆ ಎಂದೆ. ವಾಪಸು ಬರುವಾಗ ಬಸ್ಸು ನಿಲ್ಲಿಸಿ ಎಲ್ಲರ ಚೀಲ ಜಾಲಾಡಿದರು. ಕಪ್ಪು ಕಾಗದದ ಪೊಟ್ಟಣವನ್ನು ಎಲೆಅಡಿಕೆಯ ಚೀಲದ ತಳದಲ್ಲಿ ಇಟ್ಟಿದ್ದೆ. ಪೊಲೀಸಿನವನು ಅದನ್ನು ಮೂಸಿ, ಸುಣ್ಣವೋ ತಂಬಾಕೋ ಎಂದುಕೊಂಡು ವಾಪಸು ಹಾಕಿದ. ಹೆಂಗಸಾಗಿದ್ದಕ್ಕೆ ಆ ಒಂದು ಸಲ ಅನುಕೂಲವಾಯಿತು.

ನಾನೊಬ್ಬಳೇ ಮಾಡತೊಡಗಿದೆ. ಹೊಸ ಕೆಂಪು ಬಟ್ಟೆ ಬತ್ತೇರಿಯಲ್ಲಿ ಕೊಂಡೆ. ಕಪ್ಪು ಮತ್ತೆ ನನ್ನ ಬೆರಳಿಗೆ ಏರಿದ್ದನ್ನು ಅವರು ಊಟಕ್ಕೆ ಬಡಿಸುವಾಗ ನೋಡಿದರು. ಮರುದಿನ ತಾವಾಗಿಯೇ ಬಾವಿಕಟ್ಟೆಯಲ್ಲಿ ಕೂತು ಗಾಜು ತಿಕ್ಕಿಕೊಟ್ಟರು. ನಾನು ಒಳಗೆ ಹೊಯ್ಯುವಾಗ ಮುಚ್ಚಿದ ಬಾಗಿಲ ಹೊರಗೆ ಮಣೆ ಹಾಕಿಕೊಂಡು ಕೂರುತ್ತಿದ್ದರು. ಹಾಲು ಎಷ್ಟು ಬಿಸಿಯಿದೆ, ಗುಳ್ಳೆ ಎದ್ದಿದೆಯಾ, ಇಷ್ಟೇ ಮಾತು. ನನಗೆ ಅಷ್ಟು ಸಿಕ್ಕಿದರೂ ಹಬ್ಬ. ಎರಡು ಬೆರಳು ದಪ್ಪದ ಹಲಗೆ ನಡುವೆ ಇತ್ತು, ಅಷ್ಟೇ ತಾನೇ ಎಂದುಕೊಳ್ಳುತ್ತಿದ್ದೆ. ಹಾಗೆ ಒಂದು ಚಳಿಗಾಲ ಹೋಯಿತು, ಇನ್ನೊಂದು ಬಂತು.

ಆ ಎರಡನೆಯ ಚಳಿಗಾಲದಲ್ಲಿ ಒಂದು ದಿನ ನಾನು ತಪ್ಪಲೆ ಎತ್ತಿಕೊಂಡು ಹೊರಟಾಗ ಅವರು ಜಗಲಿಯಿಂದ ಎದ್ದರು.

"ನಾನೂ ಬರ್ತೀನಿ," ಎಂದರು.

ತಪ್ಪಲೆಯ ನೀರನ್ನು ಕಾಲ ಮೇಲೆ ಚೆಲ್ಲಿಕೊಂಡೆ. ಅತ್ತೆ ಹೊಸಲಿನ ಹತ್ತಿರ ಕೂತಿದ್ದವರು ಎದ್ದು ಹಿತ್ತಿಲಿಗೆ ಹೋದರು. ಬೇಕೆಂದೇ ಹೋದರು. ಒಳಗೆ ಬಂದು, ಗೋಣಿ ತುರುಕಿ, ಚಿಲಕ ಹಾಕಿದ್ದು ಅವರೇ. ನಾನು ಲಾಟೀನು ದೊಡ್ಡದು ಮಾಡಲೇ ಎಂದರೆ ಬೇಡ, ಮಾಮೂಲಿನಷ್ಟೇ ಇರಲಿ ಎಂದರು. ನಾನು ಹೊಯ್ದೆ. ಅವರು ಎದುರಿಗೆ ನಿಂತು ತೆಗೆದುಕೊಂಡರು. ಬೆರಳಿಗೆ ಬೆರಳು ತಾಗಿತು. ಒಂದು, ಇನ್ನೊಂದು, ಮತ್ತೊಂದು. ಕಲ್ಲು ಪೂರ್ತಿ ತುಂಬುತ್ತಾ ಬಂತು. ಅಷ್ಟು ನಯವಾಗಿ ನಾನು ಎಂದೂ ಹೊಯ್ದಿರಲಿಲ್ಲ. ಅವರು ಸ್ಟುಡಿಯೋದ ಏನೋ ಮಾತು ತೆಗೆದರು, ಕೋಟು ಹಾಕಿಕೊಂಡ ಒಬ್ಬ ಗಿರಾಕಿಯ ಸಂಗತಿ. ದನಿ ಅದೇ. ಅದೇ ದನಿ! ನಾನು ಉಸಿರಾಡಿದರೆ ಎಲ್ಲಿ ನಿಂತುಹೋಗುತ್ತದೋ ಎಂದು ಉಸಿರು ಹಿಡಿದೆ.

ಮಾತು ನಡುವೆಯೇ ನಿಂತಿತು.

"ನೀ ಇದ್ದೀಯಾ?" ಎಂದರು.

ಇಲ್ಲೇ ಇದ್ದೇನೆ, ಮುಂದೆಯೇ ನಿಂತಿದ್ದೇನೆ ಎಂದೆ. ಅವರಿಗೆ ಕೇಳಿಸಲಿಲ್ಲ. ಮತ್ತೆ ಅದನ್ನೇ ಕೇಳಿದರು. ಉಸಿರು ಏರಿತು. ಪತ್ತಾಯಕ್ಕೆ ಬೆನ್ನು ಕೊಟ್ಟು ಕುಸಿದು, ಎರಡೂ ಕೈಯನ್ನು ತಲೆಯ ಮೇಲೆ ಅಡ್ಡ ಹಿಡಿದರು, ಮೇಲಿನಿಂದ ಏಟು ಬೀಳುವುದನ್ನು ತಡೆಯುವವರು ಹಿಡಿಯುವ ಹಾಗೆ. ನಾನು ಕೈಯಲ್ಲಿದ್ದ ಪ್ಲೇಟನ್ನು ಎಲ್ಲಿ ಎಸೆದೆನೋ ಗೊತ್ತಿಲ್ಲ. ಚಿಲಕ ಕಿತ್ತು ಬಾಗಿಲನ್ನು ಗೋಡೆಗೆ ಬಡಿದು ತೆರೆದೆ. ಬೆಳಿಗ್ಗೆಯ ಬಿಸಿಲು ಒಳಕ್ಕೆ ಬಿತ್ತು. ಅವರ ಕಂಕುಳಿಗೆ ಕೈ ಹಾಕಿ ಎಬ್ಬಿಸಿ ಜಗಲಿಗೆ ಕರೆತಂದೆ. ಎಷ್ಟೋ ಹೊತ್ತಿನ ಮೇಲೆ ಅವರು ತಿರುಗಿ ಕೋಣೆಯ ಕಡೆ ನೋಡಿದರು. ಕಲ್ಲಿನ ಮೇಲೆ ಎಲ್ಲ ಬೂದಿಬಣ್ಣ.

"ಎಲ್ಲ ಹಾಳಾಯ್ತಲ್ಲ," ಎಂದರು. ಮಗುವಿನ ಮುಖ ಆಗಿತ್ತು.

"ಸಾರಮಿಲ್ಲ," ಎಂದೆ. ಪರವಾಗಿಲ್ಲ ಎನ್ನಲು ನಾವು ಹೇಳುವುದು ಹಾಗೆಯೇ. "ಗಾಜಲ್ವಾ? ತೊಳೆದ್ರಾಯ್ತು."

ತೊಳೆಯಲಿಲ್ಲ. ಮರುದಿನವೇ ಮರಗೆಲಸದ ಆಶಾರಿಯನ್ನು ಕರೆಸಿ ಪತ್ತಾಯದ ಕೋಣೆಯ ಗೋಡೆ ಒಡೆಸಿ, ಮೂಡಣಕ್ಕೆ ಒಂದು ದೊಡ್ಡ ಕಿಟಕಿ ಇಡಿಸಿದೆ. ಹಿರಿಯರ ಕೋಣೆಯನ್ನು ಕಡಿಸುತ್ತೀಯಾ ಎಂದು ಅತ್ತೆ ಕೇಳಬಹುದು ಎಂದುಕೊಂಡಿದ್ದೆ. ಅವರು ದೀಪದ ಮೂಲೆಯ ಚಾಪೆ ಬಿಚ್ಚಿ ಸುತ್ತಿ ಇಟ್ಟರು. ನಮ್ಮವರು ಅಂಗಳದಲ್ಲಿ ನಿಂತು ಗೋಡೆ ಬೀಳುವುದನ್ನು ನೋಡಿ, ಇನ್ನು ಪ್ಲೇಟು ಎಲ್ಲಿ ಮಾಡುತ್ತೀಯ ಎಂದು ಕೇಳಿದರು. ಸಾಕಾಯಿತು, ಬೇಜಾರು ಎಂದೆ. ಅವರು ನಂಬಿದರೋ ಇಲ್ಲವೋ ನನಗೆ ತಿಳಿಯದು. ಕಿಟಕಿಯ ಕೆಳಗೆ ಮಂಚ ಹಾಕಿಕೊಟ್ಟೆ. ಮನೆಯೊಳಗೆ ಅವರು ಮಲಗಿ ನಿದ್ದೆ ಮಾಡಿದ್ದು ಆಮೇಲೆಯೇ.

ಅದೇ ಮಂಚದ ಮೇಲೆ ಬಹಳ ವರ್ಷ ಬಾಳಿದರು. ಒಳ್ಳೆಯ ಗಂಡನಾಗಿಯೇ ಇದ್ದರು. ಫಿಲಂ ಕ್ಯಾಮೆರಾ ಕೊಂಡು ಬಿಸಿಲಿನಲ್ಲಿ ಫೋಟೋ ತೆಗೆದರು, ತೊಳೆಯಲು ಬತ್ತೇರಿಗೆ ಕೊಟ್ಟರು. ನಗುತ್ತಿದ್ದರು, ನನ್ನ ಬಾಯಿಗೆ ಹೆದರುತ್ತಿದ್ದರು. ಜನ ನೋಡಿದರೆ ಇವರಿಗೇನು ಕಮ್ಮಿ ಎನ್ನಬೇಕು, ಹಾಗಿದ್ದೆವು. ಆ ದನಿಯ ಮನುಷ್ಯ ಮನೆಗೆ ಬರಲೇ ಇಲ್ಲ ಎಂದು ನಾನು ಹೇಗೆ ಹೇಳಲಿ? ಪಕ್ಕದಲ್ಲೇ ಇದ್ದವರನ್ನು ನೆನೆದು ನಾನು ಹಂಬಲಿಸಿದ್ದೇನೆ ಎಂದರೆ ಯಾರು ನಂಬುತ್ತಾರೆ? ಕೋಟಿನ ಗಿರಾಕಿಯ ಸಂಗತಿ ಮುಂದೇನಾಯಿತು ಎಂದು ಬೆಳಕಿನಲ್ಲಿ ಎರಡು ಮೂರು ಸಲ ಕೇಳಿದೆ. ಮರೆತುಹೋಗಿದೆ ಎಂದರು.

ಊರಿಗೆ ಕರೆಂಟು ಬಂತು. ಬಂದದ್ದಕ್ಕಿಂತ ಹೆಚ್ಚು ಸಲ ಹೋಗುತ್ತಿತ್ತು. ಹೋದ ಕೂಡಲೇ ನಾನು ಎಲ್ಲಿದ್ದರೂ ಓಡಿಬಂದು ಮೊದಲು ಅವರ ಮಂಚದ ಹತ್ತಿರ ಬೆಂಕಿಕಡ್ಡಿ ಗೀರುತ್ತಿದ್ದೆ. ಮಂಡಿ ನೋವು ಬಂದ ಮೇಲೂ ಓಡುತ್ತಿದ್ದೆ. ಆ ಕ್ಷಣದಲ್ಲಿ, ಕಡ್ಡಿ ಹತ್ತುವ ಮೊದಲು, ಒಂದು ಗಳಿಗೆ ಹೀಗೇ ಇರಬಾರದೇ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತಿತ್ತು. ಪ್ರತಿ ಸಲವೂ ಗೀರಿದೆ.

ಅವರು ಹೋಗಿ ಈಗ ಕೆಲವು ಮಳೆಗಾಲ ಆಯಿತು. ಕರೆಂಟು ಹೋದರೆ ನನ್ನ ಜೊತೆಗಿರುವ ತಮ್ಮನ ಮಗಳು ಮೇಣದ ಬತ್ತಿ ಹುಡುಕಲು ಏಳುತ್ತಾಳೆ. ಕೂತ್ಕೋ, ಅವಸರ ಇಲ್ಲ ಎನ್ನುತ್ತೇನೆ. ಅವಳಿಗೆ ನಾನೊಬ್ಬ ವಿಚಿತ್ರ ಮುದುಕಿ. ಕಿಟಕಿಯ ಬಾಗಿಲು ಎಳೆದುಕೊಂಡು ಅವರ ಮಂಚದ ಮೇಲೆ ಕೂರುತ್ತೇನೆ. ಕತ್ತಲೆ ಈಗ ನನಗೆ ಬೇಕಾದಷ್ಟು ಹೊತ್ತು ಸಿಗುತ್ತದೆ. ನಾನು ಇದ್ದೇನೆ ಎಂದು ಹೇಳುತ್ತೇನೆ. ಇದ್ದೀಯಾ ಎಂದು ಯಾರೂ ಕೇಳಿರುವುದಿಲ್ಲ.